ರುಚಿ ನೋಡದವರ ಸಂಘ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗಾಗಿ ದ್ರಾಕ್ಷಿ ಬೆಳೆಗಾರರ ಸಂಘದವರು ಸೇರುತ್ತಿದ್ದದ್ದು ಸೋಮವಾರ. ಎತ್ತುಗಳಿಗೂ ಬಿಡುವು, ಗಂಡಸರಿಗೂ ಬಿಡುವು. ಒಲೆಯ ಮುಂದೆ ಕೂತವಳಿಗೆ ಮಾತ್ರ ದುಪ್ಪಟ್ಟು ಕೆಲಸ. ಕಂಪ್ಲಿಯವರು, ಕಡ್ಡಿರಾಂಪುರದವರು, ದೂರದ ಬಂಡ್ರಿಯಿಂದ ಬಸ್ಸು ಬದಲಿಸಿ ಬರುವವರೊಬ್ಬರು, ಹೀಗೆ ಹತ್ತು ಹನ್ನೆರಡು ಜನ ಸರದಿಯ ಮೇಲೆ ಒಬ್ಬೊಬ್ಬರ ತೋಟದಲ್ಲಿ ಕೂಡುತ್ತಿದ್ದರು. ಬುಕ್ಕಸಾಗರದ ನಮ್ಮ ತೋಟದ ಸರದಿ ಬಂದಾಗ ನಾನು ಬೆಳಿಗ್ಗೆಯೇ ಮಂಡಕ್ಕಿ ನೆನೆಸಿ, ಮೆಣಸಿನಕಾಯಿ ಸೀಳಿ, ಎಣ್ಣೆ ಕಾಯಿಸಿಕೊಂಡು ಕೂರಬೇಕು. ಬಂದವರು ಮೊದಲು ಚಪ್ಪರದ ಕೆಳಗೆ ತಲೆ ಬಗ್ಗಿಸಿ ಸಾಲು ಸಾಲು ತಿರುಗಾಡುತ್ತಿದ್ದರು. ಎಲೆ ಮಗುಚಿ ನೋಡುವುದು, ಹೆಬ್ಬೆರಳಿನಿಂದ ಕಾಂಡ ಕೆರೆಯುವುದು, "ಬಳ್ಳಿ ಸವರೋದು ತಡಾ ಮಾಡೀರಿ", "ಮೈಲುತುತ್ತ ಸಾಲಂಗಿಲ್ಲ, ಇನ್ನೊಂದ್ ಸಲ ಹೊಡೀರಿ" ಎಂದು ತಪ್ಪು ಹುಡುಕುವುದು. ಹೊಗಳುವುದು ಆ ಸಂಘದಲ್ಲಿ ನಿಷಿದ್ಧವೇನೋ ಎಂದು ನನಗೆ ಅನಿಸುತ್ತಿತ್ತು. ಆಮೇಲೆ ಒಗ್ಗರಣೆ ಮಿರ್ಚಿ ತಿಂದು, ಎರಡೆರಡು ಸಲ ಚಹಾ ಕುಡಿದು ಹೋಗುತ್ತಿದ್ದರು.

ನನ್ನ ಯಜಮಾನರಿಗೆ ಮಾತ್ರ ಸೋಮವಾರವೆಂದರೆ ಹಬ್ಬ. ಬಯ್ಯಿಸಿಕೊಂಡೂ ಮುಖ ಅರಳಿಸಿಕೊಂಡು ಕೂರುತ್ತಿದ್ದರು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಊರಿನಲ್ಲಿ ಅವರಿಗೆ ಇದ್ದದ್ದು ಒಂದೇ ಗುರುತು, ಇಂಥವರ ತಮ್ಮ ಅನ್ನುವುದು. ಆ ಅಣ್ಣ, ನನ್ನ ಭಾವನವರು, ಊರಿಗೆ ಬೇಕಾದವರು. ಭತ್ತ, ಕಬ್ಬು, ಬಾಳೆ, ಅವರು ಹಾಕಿದ್ದೆಲ್ಲ ಕೈ ಹಿಡಿಯುತ್ತಿತ್ತು. ಕಾಲುವೆಯ ನೀರು ಹರಿದ ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಬೆಳೆ ಕೈಕೊಟ್ಟಿತೆಂದು ಹೇಳಿಕೊಳ್ಳುವುದೇ ನಾಚಿಕೆಯ ಮಾತಾಗಿತ್ತು. ಅಂಥ ಮನೆಯಲ್ಲಿ ಇವರು ಅಣ್ಣನನ್ನು ಕಾಡಿ ಬೇಡಿ, ಏರಿನ ಮೇಲಿನ ಎರಡೆಕರೆಯಲ್ಲಿ ಕಪ್ಪು ದ್ರಾಕ್ಷಿ ಹಚ್ಚಿದರು. ಕಲ್ಲಿನ ಕಂಬ ನೆಟ್ಟವರು ಇವರೇ, ತಂತಿ ಬಿಗಿದವರು ಇವರೇ. ಅವತ್ತಿನಿಂದ ಹೊಸಪೇಟೆಯ ಪೇಟೆಯಲ್ಲಿ ಯಾರೋ ಒಬ್ಬರು "ದ್ರಾಕ್ಷಿಯವರು ಬಂದ್ರು, ಕುಂದ್ರಿ" ಅಂದರೆ ಸಾಕು, ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದರು.

ಮೊದಲ ಫಸಲಿಗೆ ಎಲೆಯ ಬೂಜು ರೋಗ ಬಂತು. ಎರಡನೆಯದನ್ನು ಹಕ್ಕಿಗಳು ತಿಂದವು. ಭಾವನವರು ಕೆಟ್ಟವರಲ್ಲ, ಕೂಗಾಡಿದವರೂ ಅಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದರು. "ಮೂರನೇ ಸಲಾನೂ ನೋಡ್ತೀನಿ ತಮ್ಮಾ. ಈ ಸಲಾನೂ ಹಣ್ಣು ಕೈಗೆ ಹತ್ತಲಿಲ್ಲಂದ್ರ, ಬ್ಯಾಸಿಗಿ ಮುಗಿದು ಕಾಲುವಿಗೆ ನೀರು ಬಿಡೋದ್ರಾಗ ಬಳ್ಳಿ ಕಡಿಸಿ ಬಾಳಿ ಹಚ್ಚೋದು. ಮತ್ತ ಮಾತಿಲ್ಲ." ಇವರು ಹೂಂ ಅಂದರು. ಹೂಂ ಅಂದ ಮೇಲೆ ಅನ್ನ ಕಲಸುತ್ತಲೇ ಕೂತರು, ಉಣ್ಣಲಿಲ್ಲ.

ಆ ವರ್ಷ ಹಣ್ಣು ಬಂತು. ಹೇಗೆ ಬಂತೆಂದರೆ ಸಂಘದವರಿಗೂ ತಪ್ಪು ಹುಡುಕಲು ಬಾಯಿ ಬರಲಿಲ್ಲ. ಇನ್ನೊಂದು ವಾರಕ್ಕೆ ಕೊಯ್ಲು ಅನ್ನುವಾಗ, ಶಿವರಾತ್ರಿ ಕಳೆದು ಬಿಸಿಲು ಏರಿದ ಹೊತ್ತಿನಲ್ಲಿ, ಯಾರೂ ಕರೆಯದ ಮಳೆ ಬಂತು. ಹಗಲೂ ರಾತ್ರಿ ಸುರಿಯಿತು. ಉಳಿದವರದು ಬಿಳಿ ದ್ರಾಕ್ಷಿ, ಮೊದಲೇ ಲಾರಿ ಹತ್ತಿ ಹೋಗಿತ್ತು. ನಮ್ಮದು ಬಳ್ಳಿಯಲ್ಲೇ ಸೀಳು ಬಿಟ್ಟಿತು. ಮಾತು ಕೊಟ್ಟಿದ್ದ ಹುಬ್ಬಳ್ಳಿಯ ವ್ಯಾಪಾರಿ ಬಂದ. ಲಾರಿಯಿಂದ ಕೆಳಗೆ ಕೂಡ ಇಳಿಯದೆ, ಕಿಟಕಿಯಿಂದಲೇ ಕೈ ಆಡಿಸಿ ಹೋದ. ಇವರು ಚಪ್ಪರದ ಕೆಳಗೆ ನಿಂತು ಒಂದೊಂದೇ ಗೊಂಚಲನ್ನು ಧೋತರದ ಅಂಚಿನಿಂದ ಒರೆಸುತ್ತಿದ್ದರು. "ಏನ್ ಮಾಡಾಕ್ಹತ್ತೀರಿ, ಬರ್ರಿ ಮನಿಗೆ" ಅಂದೆ. "ಒರಸಿದ್ರ ಕೊಳ್ಯಂಗಿಲ್ಲ" ಅಂದರು. ಅವತ್ತು ನನಗೆ ಮೊದಲ ಸಲ ಅವರ ಬಗ್ಗೆ ಹೆದರಿಕೆಯಾಯಿತು.

ಸೋಮವಾರಕ್ಕೆ ಕಾಯದೆ ಸಂಘದವರು ಅಂದೇ ಬಂದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅಧ್ಯಕ್ಷರು ಕಂಪ್ಲಿಯ ಅಕ್ಕಿ ಗಿರಣಿಯವರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ಅವರ ಬಾಯಲ್ಲೇ ಆ ಮಾತು ಬಂತು. "ಹಣ್ಣಾಗಿ ಹೋಗ್ದಿದ್ರ ರಸ ಆಗಿ ಹೋಗ್ಲಿ. ವೈನ್ ಮಾಡೋಣು. ಬೆಂಗ್ಳೂರ್ ಕಡಿಯವ್ರು ಬಂದು ತಗೊಂಡು ಹೋಗ್ತಾರ." ಅನುಮತಿಗೆ ಕಚೇರಿ ತಿರುಗುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಬಂಡ್ರಿಯವರು ಹಿಂದೊಮ್ಮೆ ವೈನ್ ಮಾಡುವ ತರಬೇತಿಗೆ ಹೋಗಿದ್ದರು. ಹುದುಗು ಹಾಕುವ ತನಕ ಕಲಿತು, ಅಷ್ಟರಲ್ಲಿ ಮಗಳ ಸೀಮಂತವೆಂದು ಊರಿಗೆ ಬಂದುಬಿಟ್ಟಿದ್ದರಂತೆ. ಅಷ್ಟು ವಿದ್ಯೆ ಸಾಕೆಂದು ಎಲ್ಲರೂ ಒಪ್ಪಿದರು. ಮುಳುಗುವವರಿಗೆ ಹುಲ್ಲುಕಡ್ಡಿಯನ್ನು ಪರೀಕ್ಷಿಸುವ ಪುರುಸೊತ್ತು ಎಲ್ಲಿ.

ನಮ್ಮ ಮನೆಯ ಕಾಳಿನ ಕೋಣೆ ದಪ್ಪ ಮಣ್ಣಿನ ಗೋಡೆಯದು, ತಂಪು. ಚೀಲಗಳನ್ನೆಲ್ಲ ಪಡಸಾಲೆಗೆ ತಂದು ಹಾಕಿ, ಅಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಇಟ್ಟರು. ಹಣ್ಣು ಬಿಡಿಸಿ, ಕೊಳೆತದ್ದನ್ನು ತೆಗೆದು, ಕಾಲು ತೊಳೆದುಕೊಂಡು ತುಳಿದರು. ಅಕ್ಕಿ ಗಿರಣಿಯ ಸಾಹುಕಾರರು ಧೋತರ ಮೇಲೆ ಕಟ್ಟಿಕೊಂಡು ನಮ್ಮ ದ್ರಾಕ್ಷಿ ತುಳಿದರು. ಅತ್ತೆಯವರಿಗೂ ಇದೆಲ್ಲ ತಿಳಿಯಿತು. ಆಮೇಲೆ ಮಗನನ್ನು ಕರೆದು, "ನನ್ನ ಪೂಜಿ ಮುಗಿಯೋತನಕ ಆ ಬಾಗಲಾ ತೆರಿಬ್ಯಾಡ್ರಪಾ" ಅಂದರು. ಅಷ್ಟೇ. ಮಗನ ಮುಖ ಅವರೂ ನೋಡಿದ್ದರು.

ಡ್ರಮ್ಮಿನ ಮುಚ್ಚಳಕ್ಕೆ ತೂತು ಕೊರೆದು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಸಣ್ಣ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ್ದರು. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು, ಅದಕ್ಕೆ ಅಂತ ಬಂಡ್ರಿಯವರು ವಿವರಿಸಿದ್ದರು. ಬಾಟಲಿಯಲ್ಲಿ ಬುಳುಬುಳು ಗುಳ್ಳೆ ಏಳತೊಡಗಿದಾಗ ಇವರ ಮುಖಕ್ಕೆ ಜೀವ ಬಂತು. ಹೊತ್ತುಗೊತ್ತಿಲ್ಲದೆ ಅಲ್ಲಿಯೇ ಕೂರುತ್ತಿದ್ದರು. ಹೆರಿಗೆಯ ಕೋಣೆಯ ಹೊರಗೆ ಕೂತವರಿಗೂ ಅಷ್ಟು ಕಾತರ ಇರುವುದಿಲ್ಲ. ಎರಡು ವಾರಕ್ಕೆ ಗುಳ್ಳೆ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

ಗುಳ್ಳೆ ನಿಂತರೆ ಮುಂದೇನು? ಬಂಡ್ರಿಯವರಿಗೆ ಗೊತ್ತಿಲ್ಲ. ಅವರು ಸೀಮಂತಕ್ಕೆ ಬಂದಿದ್ದು ಅದಕ್ಕೂ ಮೊದಲೇ. ಅದು ಮುಗಿದದ್ದೋ, ಸತ್ತದ್ದೋ, ಕೆಟ್ಟದ್ದೋ? ಬಾಯಿಗೆ ಒಂದು ತೊಟ್ಟು ಬಿಟ್ಟುಕೊಂಡರೆ ಸುಳಿವಾದರೂ ಸಿಗುತ್ತಿತ್ತು. ಆದರೆ ಆ ಸಂಘದಲ್ಲಿ ಬಾಯಿಗೆ ಬಿಟ್ಟುಕೊಳ್ಳುವವರು ಒಬ್ಬರೂ ಇರಲಿಲ್ಲ. ಬೆಳೆಯಬಹುದು, ತುಳಿಯಬಹುದು, ಹುದುಗು ಹಾಕಬಹುದು, ಮಾರಲೂಬಹುದು, ನಾಲಿಗೆಗೆ ಮಾತ್ರ ಮುಟ್ಟಿಸಬಾರದು. ಕಡ್ಡಿರಾಂಪುರದವರು, "ಕಾರ್ಖಾನಿ ಕಾಲನಿಯಾಗ ಕುಡಿಯೋರು ಬೇಕಾದಷ್ಟು ಅದಾರ, ಒಬ್ಬನ್ನ ಕರ್ಕೊಂಡು ಬರ್ಲೇನು?" ಎಂದು ಕೇಳಿದರು. ಅಧ್ಯಕ್ಷರು ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ನಾಳೆ ಊರ ತುಂಬಾ ಹೇಳ್ಕೊಂಡು ತಿರುಗ್ತಾನ. ಇವರ ಮನ್ಯಾಗ ಡ್ರಮ್ಮಿಗಟ್ಟಲೆ ಹೆಂಡ ಐತಿ ಅಂತಾನ. ನಮ್ಮ ಮನಿಗಳಾಗ ಹೆಣ್ಮಕ್ಕಳು ಮದುವಿಗೆ ಬಂದಾರ." ಆ ಮಾತು ಅಲ್ಲಿಗೇ ಮುಗಿಯಿತು. ಎಲ್ಲರ ಮನೆಯಲ್ಲೂ ಒಬ್ಬೊಬ್ಬಳು ಇದ್ದಳು.

ಹಾಗಾಗಿ ಮೂಗಿಗೆ ಕೆಲಸ ಬಂತು. ಸೋಮವಾರದ ಸಂಘ ದಿನವೂ ಆಯಿತು. ಬೆಳಿಗ್ಗೆ ಅತ್ತೆಯವರ ಪೂಜೆ ಮುಗಿಯುವುದನ್ನೇ ಕಾದು ನಾಲ್ಕು ಜನ, ಸಂಜೆ ನಾಲ್ಕು ಜನ. ಒಂದೊಂದೇ ಡ್ರಮ್ಮಿನ ಮುಚ್ಚಳ ತೆಗೆದು, ಮೂಗು ಇಳಿಬಿಟ್ಟು ಮೂಸುವುದು. ಒಬ್ಬರಿಗೆ ಹಲಸಿನ ಹಣ್ಣಿನ ವಾಸನೆ, ಇನ್ನೊಬ್ಬರಿಗೆ ಹುಣಸೆ ತೊಕ್ಕಿನದು. ವರ್ಷವಿಡೀ ನೆಗಡಿ ಇರುವ ಒಬ್ಬರು ಕೂಡ ಮೂಸಿ, "ಪರವಾಗಿಲ್ಲ ಅನಿಸ್ತೈತಿ" ಅನ್ನುತ್ತಿದ್ದರು. ಬೇರೆ ಹೊತ್ತಾಗಿದ್ದರೆ ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ನಗು ಬರಲಿಲ್ಲ. ಇವರು ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದರು, ಡಾಕ್ಟರರ ಮುಖ ನೋಡುವ ಹಾಗೆ. ಒಬ್ಬರು ಹುಬ್ಬು ಗಂಟಿಕ್ಕಿದರೆ ಇವರಿಗೆ ಆ ದಿನದ ಊಟ ಹೋಯಿತು. ಎಲ್ಲರೂ ಹೋದ ಮೇಲೆ ತಾವೊಬ್ಬರೇ ಮತ್ತೆ ಮುಚ್ಚಳ ತೆಗೆದು ಮೂಸುವುದು, ಡ್ರಮ್ಮಿಗೆ ಕಿವಿ ಹಚ್ಚುವುದು, ನನ್ನನ್ನೂ ಕರೆದು, "ನೀ ಮೂಸು, ನೀ ಮೂಸು" ಅನ್ನುವುದು. ನನಗೆ ಆ ಕೋಣೆಯಲ್ಲಿ ದ್ರಾಕ್ಷಿಗಿಂತ ಇವರ ಬೆವರಿನ ವಾಸನೆಯೇ ಹೆಚ್ಚಾಗಿ ಬರುತ್ತಿತ್ತು. "ಚಲೋ ಐತ್ರಿ" ಅಂತ ಹೇಳಿ ಹೊರಗೆ ಬಂದು, ಹಿತ್ತಲಲ್ಲಿ ಕೂತು ಕಣ್ಣೀರು ಹಾಕಿದೆ. ಶಿವನೇ, ಈ ಎರಡೆಕರೆ ಬಿಟ್ಟರೆ ಈ ಮನುಷ್ಯನ ಹತ್ತಿರ ತನ್ನದು ಅನ್ನುವುದು ಏನೂ ಇಲ್ಲ, ಇದೊಂದನ್ನು ಉಳಿಸಿಕೊಡು ಎಂದು ಕೇಳಿಕೊಂಡೆ.

ಕಾಲುವೆ ಒಣಗಿತ್ತು. ಅದರ ತಳದಲ್ಲಿ ರಿಪೇರಿಯ ಜನ ಕಲ್ಲು ಜೋಡಿಸುತ್ತಿದ್ದರು. ಆ ಕೆಲಸ ನಮ್ಮ ಹೊಲದ ಕಡೆಗೆ ಸರಿದಷ್ಟೂ ಇವರು ಕಳೆಗುಂದಿದರು. ಕೊನೆಗೆ ಬೆಂಗಳೂರು ಕಡೆಯಿಂದ ವೈನ್ ಕೊಳ್ಳುವವರು ಬಂದರು. ಪ್ಯಾಂಟು ಹಾಕಿದ, ಮೃದುವಾಗಿ ಮಾತಾಡುವ ಮನುಷ್ಯ. ಸಂಘವೆಲ್ಲ ಕೈಕಟ್ಟಿ ನಿಂತಿತ್ತು. ಅವರು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು, ಬೆಳಕಿಗೆ ಹಿಡಿದು, ಬಾಯಿಗೆ ಹಾಕಿಕೊಂಡು, ಅಂಗಳಕ್ಕೆ ಹೋಗಿ ಉಗಿದರು. ಎರಡನೆಯ ಡ್ರಮ್ಮಿನದೂ ಹಾಗೆಯೇ, ಮೂರನೆಯದೂ ಹಾಗೆಯೇ.

"ವಿನೆಗರ್ ಆಗಿದೆ ಸಾರ್, ಪೂರ್ತಿ ಹುಳಿ. ಮುಚ್ಚಳ ತೆಗೀತಿದ್ರಾ?"

ಅಧ್ಯಕ್ಷರು ಹೆಮ್ಮೆಯಿಂದಲೇ ಹೇಳಿದರು, "ದಿನಾ ಎರಡು ಹೊತ್ತು ತೆಗ್ದು ನೋಡೀವ್ರಿ. ಒಂದು ದಿನಾನೂ ತಪ್ಪಿಸಿಲ್ಲ."

ಆ ಮನುಷ್ಯ ಲೋಟವನ್ನು ಕೆಳಗಿಟ್ಟರು. "ಗುಳ್ಳೆ ನಿಂತ್ಮೇಲೆ ಗಾಳಿ ತಾಗಬಾರದು. ಮುಚ್ಚಿ ಹಾಗೇ ಬಿಟ್ಟುಬಿಟ್ಟಿದ್ರೆ ಒಳ್ಳೇದೇ ಆಗ್ತಿತ್ತು ಅನ್ಸುತ್ತೆ" ಅಂದರು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರೀತಿಯಿಂದ ಬಂದವರು, ಪ್ರೀತಿಯಿಂದಲೇ ಮುಚ್ಚಳ ತೆಗೆದವರು. ಯಾರ ಮೇಲೆ ಸಿಟ್ಟು ಮಾಡಲಿ? ಆದರೂ ಸಿಟ್ಟು ಬಂತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಧ್ಯಕ್ಷರು ಬಾಗಿಲಲ್ಲಿ ನಿಂತು ನನಗೆ ಕೈಮುಗಿದು ಹೋದರು.

ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಭಾವನವರು ಪಡಸಾಲೆಯಿಂದ ಬಂದು ನಿಂತಿದ್ದರು. ಆಗ ಇವರು ಒಂದು ಲೋಟ ತುಂಬಿಸಿಕೊಂಡು ಗಟಗಟನೆ ಕುಡಿದುಬಿಟ್ಟರು. ಹುಟ್ಟಿದ ಮೇಲೆ ಮೊದಲ ಸಲ. ಕೆಮ್ಮು ಬಂತು, ತಡೆದುಕೊಂಡರು.

"ಹುಳಿ ಇಲ್ಲ ಅಣ್ಣಾ. ಚಲೋ ಐತಿ. ಆ ಮನಿಶ್ಯಾ ಕಡಿಮಿಗೆ ಹೊಡಕೊಳ್ಳಾಕ ಹಂಗ ಹೇಳ್ಯಾನ. ಇನ್ನೊಬ್ಬರನ್ನ ಕರ್ಸೋಣು." ಮತ್ತೊಂದು ಲೋಟ ತುಂಬಿಸಿ ಅಣ್ಣನ ಮುಂದೆ ಹಿಡಿದರು. ಅರ್ಧ ನೆಲಕ್ಕೆ ಚೆಲ್ಲಿತು.

ಭಾವನವರು ತೆಗೆದುಕೊಳ್ಳಲಿಲ್ಲ. ಅವರು ನನ್ನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ, ನಾನೂ ಅವರೆದುರು ತಲೆ ಎತ್ತಿದವಳಲ್ಲ. ಅವತ್ತು ನನ್ನ ಕಡೆ ತಿರುಗಿ, "ಯವ್ವಾ, ನೀ ನೋಡಿ ಹೇಳು. ನೀ ಹೆಂಗ ಹೇಳ್ತಿ ಹಂಗ" ಅಂದರು. ಅಣ್ಣನಿಗೂ ಬಳ್ಳಿ ಕಡಿಸುವ ಮನಸ್ಸಿರಲಿಲ್ಲ. ಅದು ನನಗೆ ಆ ದನಿಯಲ್ಲೇ ಗೊತ್ತಾಯಿತು.

ಇವರು ಲೋಟವನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ನನ್ನ ಬೆರಳುಗಳನ್ನು ಗಟ್ಟಿಯಾಗಿ ಒತ್ತಿದರು. ನಾನು ಕುಡಿದೆ. ಗಂಟಲು ಉರಿದು, ಹಲ್ಲು ಜುಮ್ಮೆಂದು, ಕಣ್ಣಲ್ಲಿ ನೀರು ಬಂತು. ಚಲೋ ಐತಿ ಅಂದಿದ್ದರೆ ಇನ್ನೊಬ್ಬ ಕೊಳ್ಳುವವನು ಬರುತ್ತಿದ್ದ. ಅವನೂ ಅಂಗಳದಲ್ಲಿ ಉಗಿಯುತ್ತಿದ್ದ. ಇವರು ಅವನ ಮುಂದೆಯೂ ಹೀಗೆಯೇ ಲೋಟ ಹಿಡಿದು ನಿಲ್ಲುತ್ತಿದ್ದರು. ಅದನ್ನು ನೋಡುವ ಶಕ್ತಿ ನನ್ನಲ್ಲಿ ಇರಲಿಲ್ಲ.

"ಹುಳಿ ಐತ್ರಿ" ಅಂದೆ.

ಭಾವನವರು ಹೊರಗೆ ಹೋದರು. ಇವರು ಡ್ರಮ್ಮುಗಳ ಮುಚ್ಚಳವನ್ನು ಒಂದೊಂದಾಗಿ ಬಿಗಿಯಾಗಿ ಮುಚ್ಚಿದರು.

ಬಳ್ಳಿ ಕಡಿಯಲು ಆಳುಗಳು ಬಂದ ದಿನ ಇವರು ಮನೆಯಲ್ಲಿ ಕೂರಲಿಲ್ಲ. ತಾವೇ ಮುಂದೆ ನಿಂತು, ತಂತಿಯಿಂದ ಕಟ್ಟು ಬಿಚ್ಚಿಕೊಡುತ್ತ ಸಾಲು ಸಾಲಾಗಿ ಹೋದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಕಂಬದ ಬುಡದಲ್ಲಿ ಕೂತರು. ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಕೇಳಿದರು.

"ನಿನಗ ಖರೇನ ಹುಳಿ ಅನಿಸ್ತೇನು?"

"ಹೂಂರಿ."

"ನನಗ ಅನಿಸ್ಲಿಲ್ಲ ನೋಡು" ಅಂದರು.

ಆ ಮಾತಿನಲ್ಲಿ ದೂರು ಇರಲಿಲ್ಲ. ಅವರು ಸುಳ್ಳು ಹೇಳುವವರೂ ಅಲ್ಲ. ಅಂದು ಆ ಮನೆಯಲ್ಲಿ ಅವರೊಬ್ಬರ ಬಾಯಿಗೆ ಅದು ಚೆನ್ನಾಗಿಯೇ ಇತ್ತು.