ಮೂರನೇ ಸುತ್ತಿನಲ್ಲಿ ಮುಗ್ಗರಿಸುವ ಕಾರು

ನನಗೆ ಸ್ಕೂಟರು ಬರುವುದಿಲ್ಲ. ಮೇಷ್ಟ್ರಾಗಿ ಸೇರಿದಂದಿನಿಂದ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗಿಬರುವವನು ನಾನು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಮುಂದೆ ರಸ್ತೆ ದಾಟಬೇಕಾದರೆ ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ, ದಾಟುವವರು ಯಾರಾದರೂ ಸಿಕ್ಕರೆ ಅವರ ಮಗ್ಗುಲಿಗೆ ಸೇರಿಕೊಳ್ಳುತ್ತೇನೆ. ಇಂಥ ನಾನು ಐದು ವರ್ಷ ಒಂದು ಕೆಂಪು ಕಾರನ್ನು ಗಂಟೆಗೆ ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ಹಾಗೆ ಓಡಿಸಿದ್ದೇನೆ ಎಂದರೆ ನೀವು ನಂಬಬೇಕು. ಓಡಿಸಿದ್ದು ನಮ್ಮ ಮನೆಯ ನಡುಮನೆಯಲ್ಲಿ, ಪಂಚೆ ಉಟ್ಟುಕೊಂಡು, ಕಂಪ್ಯೂಟರಿನ ಮುಂದೆ ಕೂತು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಆ ಕಂಪ್ಯೂಟರನ್ನು ಹಾಸನದ ಒಂದು ಅಂಗಡಿಯಲ್ಲಿ ಜೋಡಣೆ ಮಾಡಿಸಿ ತಂದೆ. ಪ್ರಶ್ನೆಪತ್ರಿಕೆ ಟೈಪು ಮಾಡಲು ಎಂದು ಮನೆಯಲ್ಲಿ ಹೇಳಿದ್ದೆ. ಒಂದು ಪ್ರಶ್ನೆಪತ್ರಿಕೆಯನ್ನು ಟೈಪು ಮಾಡಿದ್ದೂ ಉಂಟು. ಆಮೇಲೆ ಅಂಗಡಿಯವನು ಪುಕ್ಕಟೆಯಾಗಿ ಹಾಕಿಕೊಟ್ಟಿದ್ದ ಕಾರ್ ರೇಸಿನ ಆಟ ನನ್ನ ಕಣ್ಣಿಗೆ ಬಿತ್ತು. ಪ್ರಶ್ನೆಪತ್ರಿಕೆಗಳು ಮತ್ತೆ ಕೈಬರಹಕ್ಕೆ ಮರಳಿದವು.

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು, ಮನೆಗೆ ಕಂಪ್ಯೂಟರು ತಂದ ಮೊದಲಿಗನೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿ.ಎಸ್ಸಿ. ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಕಂಪ್ಯೂಟರನ್ನು ಅದರ ಕೆಳಗೇ ಇಟ್ಟೆ. ನನ್ನ ಹೆಂಡತಿ ಅದರ ಸಿ.ಪಿ.ಯು. ಡಬ್ಬಕ್ಕೆ ಹಸಿರು ಮಖಮಲ್ಲಿನ ಗವಸು ಹೊಲಿದಳು. ಗವಸಿನ ಎರಡೂ ಬದಿಗೆ ಜರಿದಾರದ ಗಿಳಿಗಳು. ಸಿ.ಡಿ. ಹಾಕುವ ಕಡೆ, ಗುಂಡಿ ಒತ್ತುವ ಕಡೆ ಮಾತ್ರ ಕಾಜಾ ಬಿಟ್ಟಂತೆ ಸಣ್ಣ ಕಿಂಡಿ. ಹಿಂಬದಿಯ ವೈರುಗಳಿಗೆ ಒಂದು ತೂತು. ಮಿಕ್ಕಂತೆ ಚಳಿಗಾಲದ ಕೂಸಿನ ಹಾಗೆ ಮೈತುಂಬ ಹೊದಿಕೆ. ಆಯುಧಪೂಜೆಗೆ ಅದರ ಹಣೆಗೆ ವಿಭೂತಿ, ಕುಂಕುಮ, ಎದುರಿಗೆ ಊದುಬತ್ತಿ. ಬಂದವರೆಲ್ಲ ಮೊದಲು ಗವಸನ್ನು ಹೊಗಳಿ, ಆಮೇಲೆ ಕಂಪ್ಯೂಟರನ್ನು ಹೊಗಳುತ್ತಿದ್ದರು.

ಮೂರು ವರ್ಷ ಅದು ಗೂಳಿಯಂತೆ ಓಡಿತು. ನಾಲ್ಕನೆಯ ವರ್ಷ ತೊದಲಲು ಶುರುಮಾಡಿತು. ರೇಸಿನಲ್ಲಿ ಮೂರು ಸುತ್ತು. ಎರಡು ಸುತ್ತು ಸಲೀಸು. ಮೂರನೆಯದರಲ್ಲಿ ಸೇತುವೆ ಹತ್ತಿರ ಬರುತ್ತಿದ್ದಂತೆ ಕಾರು ಓಡುವುದನ್ನು ಬಿಟ್ಟು ಕುಪ್ಪಳಿಸತೊಡಗುತ್ತದೆ. ಇಲ್ಲಿದ್ದದ್ದು ಅಲ್ಲಿ, ನಡುವಿನ ರಸ್ತೆ ಮಾಯ. ಎಡಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಯೋಚಿಸಿ, ತಡೆಗೋಡೆ ಬಂದ ಮೇಲೆ ಎಡಕ್ಕೆ ತಿರುಗುತ್ತದೆ.

ವಿಜ್ಞಾನ ಓದಿದವನು ಸುಮ್ಮನೆ ಕೂರುತ್ತಾನೆಯೇ? ಬೇಡದ ಫೈಲುಗಳನ್ನು ಅಳಿಸಿದೆ. ಬೇಕಾದವೂ ಕೆಲವು ಅಳಿಸಿಹೋದವು. ವೈರಸ್ಸು ಹುಡುಕಿಸಿದೆ. ಕಡೆಗೆ ಗವಸು ಬಿಚ್ಚಿಟ್ಟು, ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹಾಸನಕ್ಕೆ ಹೋದೆ. ಅಲ್ಲಿ ಅಂಗಡಿಯ ಮೇಜಿನ ಮೇಲೆ ಮೂರಲ್ಲ, ಆರು ಸುತ್ತು ಬೆಣ್ಣೆಯಂತೆ ಓಡಿತು. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುವ ರೋಗಿಯ ಹಾಗೆ. "ಏನೂ ಆಗಿಲ್ಲ ಸಾ, ನಿಮ್ಮೂರ ಕರೆಂಟು ಸರಿಯಿಲ್ಲ," ಎಂದ ಅಂಗಡಿಯವನು. ಮನೆಗೆ ತಂದು ಗವಸು ತೊಡಿಸಿ ಕೂರಿಸಿದೆ. ಮೂರನೇ ಸುತ್ತು, ಸೇತುವೆ, ಅದೇ ಕುಪ್ಪಳಿಕೆ. ಊರ ಕರೆಂಟಿನ ಮೇಲೆ ನನಗೆ ಅನುಮಾನ ಗಟ್ಟಿಯಾಯಿತು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕ ಮಲ್ಲಿಪಟ್ಟಣದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾವ ಹೊಲ ನೋಡಿಕೊಂಡರೆ ಗಿರಣಿ ಪೂರ್ತಿ ಅವಳದೇ. ನಾನು ಹಾಸನದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ರಾಗಿಹಿಟ್ಟು ಕಳಿಸಿದವಳು ಅವಳು. ಆ ಗಾಜಿನ ಕಟ್ಟಿನೊಳಗಿನ ಕಾಗದವನ್ನು ಹಿಂಡಿದರೆ ರಾಗಿ ಅಂಬಲಿ ಬಂದೀತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಈ ಹುಡುಗಿಯ ತಲೆಗೆ ಹತ್ತುವುದಿಲ್ಲ ಎಂದು ಶಾಲೆಯ ಮೇಷ್ಟ್ರು ಅಪ್ಪನಿಗೆ ಹೇಳಿದರಂತೆ. ಅಪ್ಪ ನಂಬಿದರು. ಕೆಟ್ಟದ್ದೆಂದರೆ, ಅಕ್ಕನೂ ನಂಬಿದಳು.

ಗಿರಣಿಗೆ ರಜೆಯಿದ್ದ ಒಂದು ಭಾನುವಾರ ನಮ್ಮ ಮನೆಗೆ ಬಂದವಳು ನಾನು ಆಡುವುದನ್ನು ನೋಡಿದಳು. "ನಾನೂ ಒಂದ್ ಕೈ ನೋಡ್ಲೇನ್ಲಾ?" ಎಂದಳು. ಅಲ್ಲಿಂದ ಅವಳಿಗೆ ಹಿಡಿಯಿತು ನೋಡಿ ಹುಚ್ಚು! ಬಿಡುವಿದ್ದ ಭಾನುವಾರವೆಲ್ಲ ಬೆಳಿಗ್ಗೆ ಅರಕಲಗೂಡಿಗೆ ಬಂದು, ಬಸ್ಸು ಬದಲಾಯಿಸಿ, ಹನ್ನೊಂದಕ್ಕೆ ಹಾಜರು. ಅವಳು ಕಾರು ಓಡಿಸುವ ಚಂದವನ್ನು ನೋಡಬೇಕು. ಕಾರು ಎಡಕ್ಕೆ ತಿರುಗಿದರೆ ಅವಳೂ ಕುರ್ಚಿಯಿಂದ ಬೀಳುವಷ್ಟು ಎಡಕ್ಕೆ. ಮೊದಮೊದಲು ಹಿಂದಿನ ಕಾರುಗಳಿಗೆ ದಾರಿ ಬಿಡುತ್ತಿದ್ದಳು. "ಪಾಪ, ಏನು ಅರ್ಜೆಂಟೋ ಏನೋ." ಒಮ್ಮೆ ಎದುರಾಳಿಯ ಕಾರು ಪಲ್ಟಿಯಾದಾಗ ತನ್ನ ಕಾರನ್ನೇ ನಿಲ್ಲಿಸಿಬಿಟ್ಟಳು.

"ಯಾಕಕ್ಕಾ ನಿಲ್ಲಿಸ್ದೆ?"

"ಮನ್ಸ ಬಿದ್ದವ್ನೆ ಕಣ್ಲಾ. ಎದ್ದನಾ ಅಂತ ನೋಡ್ಬ್ಯಾಡವಾ?"

ಆದರೆ ಎರಡು ತಿಂಗಳಲ್ಲಿ ಎಲ್ಲರನ್ನೂ ಹಿಂದೆ ಹಾಕುವುದನ್ನು ಕಲಿತಳು, ನನ್ನನ್ನೂ ಸೇರಿಸಿ. ಎರಡು ಸುತ್ತು ಅವಳದೇ ಮುನ್ನಡೆ. ಮೂರನೇ ಸುತ್ತಿನ ಸೇತುವೆಯಲ್ಲಿ ಕುಪ್ಪಳಿಸಿ, ಗೋಡೆಗೆ ಬಡಿದು, ಕೊನೆಯವಳಾಗುತ್ತಿದ್ದಳು.

ಇಲ್ಲಿ ನನ್ನ ಒಂದು ಸಣ್ಣತನವನ್ನು ಒಪ್ಪಿಕೊಳ್ಳುತ್ತೇನೆ. ನಾನು ಸೋತರೆ ಅದು ಕಂಪ್ಯೂಟರಿನ ತಪ್ಪಾಗಿತ್ತು. ಅಕ್ಕ ಸೋತರೆ ಅವಳ ಬೆರಳಿನ ತಪ್ಪಾಗಿತ್ತು. "ಅಷ್ಟು ಬಿಗಿಯಾಗಿ ಒತ್ತಬಾರದು ಅಕ್ಕ, ಸೂಕ್ಷ್ಮ ಇರಬೇಕು," ಎಂದು ಪಾಠ ಹೇಳುತ್ತಿದ್ದೆ. ಅವಳು ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಬಂದವಳೇ, "ಇವತ್ತೊಂದಿನ ನೋಡ್ತೀನಿ ಕಣ್ಲಾ," ಎಂದಳು. "ಒಂದ್ಸಲ, ಒಂದೇ ಸಲ ಮೊದ್ಲು ಬರ್ಬೇಕು ಅಂತ ಆಸೆ. ಆಗ್ನಿಲ್ಲ ಅಂದ್ರೆ ಬಿಟ್ಬುಡ್ತೀನಿ. ಈ ಕೈ ಮೂಟೆ ಎತ್ತಕ್ಕೇ ಲಾಯಕ್ಕು ಅನ್ಕತೀನಿ."

ನಾಲ್ಕನೇ ಕ್ಲಾಸಿನ ಮೇಷ್ಟ್ರ ಮಾತಿನ ಪಕ್ಕದಲ್ಲಿ ಈಗ ನನ್ನ ಮಾತೂ ಕೂತಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ಆಟ ಶುರುವಾಯಿತು. ಎರಡು ಸುತ್ತು ಅವಳೇ ಮುಂದೆ. ಮೂರನೆಯದರಲ್ಲಿ ಸೇತುವೆ ಇನ್ನೂ ದೂರವಿದೆ ಎನ್ನುವಾಗ ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ಕಿವಿಗೊಟ್ಟಳು. ಕಾರು ತನ್ನಷ್ಟಕ್ಕೆ ಹೋಗಿ ಗೋಡೆಗೆ ಮುತ್ತಿಟ್ಟಿತು.

"ಸದ್ದು ತಿರುಗ್ತು ಕಣ್ಲಾ."

"ಯಾವ ಸದ್ದು?"

ಅವಳು ಬಗ್ಗಿ ಗವಸಿನೊಳಕ್ಕೆ ಕೈ ತೂರಿಸಿದಳು. ತೂರಿಸಿದಷ್ಟೇ ಬೇಗ ಎಳೆದುಕೊಂಡಳು.

"ಅಯ್ಯೋ ನಿನ್ನ! ವಲೆ ಮ್ಯಾಲಿನ ಎಂಚು ಆದಂಗೈತೆ. ಮೊದ್ಲು ಆರ್ಸು ಇದನ್ನ. ಇದಕ್ಕೆ ಯಾವನ್ಲಾ ಕಂಬಳಿ ಒದ್ಸಿದ್ದು?"

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಹಾಗೇ ಒಳಗೆ ಸರಿದಳು.

ಅಕ್ಕ ಹೇಳಿದ್ದಿಷ್ಟು. ಅವಳ ಗಿರಣಿಯ ಮೋಟಾರು ಮೊದಲ ಎರಡು ಮೂಟೆ ಚೆನ್ನಾಗಿಯೇ ಬೀಸುತ್ತದೆ. ಹಿಟ್ಟಿನ ಧೂಳು ತುಂಬಿ ಅದರ ಗಾಳಿಯ ಕಿಂಡಿ ಮುಚ್ಚಿದ್ದರೆ ಮೂರನೇ ಮೂಟೆಗೆ ಕಾದು, ದನಿ ಬದಲಿಸಿ, ಮುಗ್ಗರಿಸುತ್ತದೆ. ಅದಕ್ಕೇ ಅವಳು ವಾರಕ್ಕೊಮ್ಮೆ ಬಿಚ್ಚಿ ಧೂಳು ಹೊಡೆಯುತ್ತಾಳೆ. ಮನೆಯಲ್ಲಿ ಅನ್ನಕ್ಕಿಟ್ಟುಕೊಂಡು ಕೂತೇ, ಗಿರಣಿಯ ಸದ್ದು ಕೇಳಿ ಕಲ್ಲು ಬಿಗಿಯಾಗಿದೆಯೋ ಬೆಲ್ಟು ಸಡಿಲಾಗಿದೆಯೋ ಹೇಳುತ್ತಾಳೆ.

ನಾನು ಆ ಹೊತ್ತಿಗಾಗಲೇ ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಉಷ್ಣದ ಪಾಠ ಮಾಡುತ್ತಿದ್ದೆ. ವಹನ, ಸಂವಹನ, ವಿಕಿರಣ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಪೂರ್ತಿ ಅಂಕ ಕೊಡುತ್ತೇನೆ. ಉಣ್ಣೆ, ಮಖಮಲ್ಲು ಏಕೆ ಬೆಚ್ಚಗಿರುತ್ತವೆ ಎಂಬುದು ಎರಡು ಅಂಕದ ಪ್ರಶ್ನೆ. ಆ ಪ್ರಶ್ನೆ ನನ್ನ ಮೊಣಕಾಲಿನ ಪಕ್ಕದಲ್ಲೇ ಗಿಳಿಗಳ ಸಮೇತ ನಿಂತಿದ್ದರೂ ನನಗೆ ಕಂಡಿರಲಿಲ್ಲ. ಹಾಸನದಲ್ಲಿ ಗವಸಿಲ್ಲದೆ ಏಕೆ ಓಡಿತು ಎಂದೂ ಯೋಚಿಸಿರಲಿಲ್ಲ.

ವೈರುಗಳನ್ನೆಲ್ಲ ಕಿತ್ತು, ಆರಲು ಬಿಟ್ಟು, ತಿರುಪು ಬಿಚ್ಚಿದೆವು. ಒಳಗಿನ ಫ್ಯಾನಿನ ಅಡಿಯಲ್ಲಿ ಚಾಪೆಯಂತೆ ಹೆಣೆದುಕೊಂಡ ಧೂಳು. ಅದರಲ್ಲಿ ನನ್ನ ಅಂಗಿಯಿಂದ ಉದುರಿದ ಸೀಮೆಸುಣ್ಣವೆಷ್ಟೋ, ಊದುಬತ್ತಿಯ ಬೂದಿಯೆಷ್ಟೋ! "ದ್ಯಾವ್ರ ಪರ್ಸಾದ ಒಟ್ಟೆ ತುಂಬ ತಿಂದೈತೆ," ಎಂದಳು ಅಕ್ಕ. ಮೆತ್ತನೆಯ ಬ್ರಷ್ಷಿನಲ್ಲಿ ಅವಳು ಸವರಿದಳು, ನಾನು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಸೂಕ್ಷ್ಮವಿಲ್ಲವೆಂದು ನಾನು ದೂರಿದ್ದ ಆ ಬೆರಳುಗಳು ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಕೂಸಿನ ಕಿವಿ ಒರೆಸುವ ಹಾಗೆ ಒರೆಸಿದವು. ಅಷ್ಟು ನಯವಾದ ಕೆಲಸವನ್ನು ನಾನು ಯಾವ ಪ್ರಯೋಗಶಾಲೆಯಲ್ಲೂ ಕಂಡಿಲ್ಲ.

ಊಟವಾದ ಮೇಲೆ ಮತ್ತೆ ರೇಸು. ಬರಿಮೈಯಲ್ಲಿ ನಿಂತಿತ್ತು ಕಂಪ್ಯೂಟರು. ಒಂದು ಸುತ್ತು. ಎರಡು. ಮೂರನೆಯದರ ಸೇತುವೆ ಹತ್ತಿರವಾದಾಗ ನಾನು ಉಸಿರು ಹಿಡಿದೆ. ಕಾರು ಸೇತುವೆಯ ಮೇಲೆ ನೀರು ಹರಿದಂತೆ ಹರಿಯಿತು. ಅಕ್ಕ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಮೊದಲನೆಯವಳಾಗಿ ಗೆರೆ ದಾಟಿದಳು. ಪರದೆಯ ಮೇಲೆ ಬಣ್ಣದ ಕಾಗದಗಳು ಸುರಿದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವಳಂತೆ ನೀರು ಕೇಳಿದಳು.

"ಅಕ್ಕ, ತಪ್ಪು ನಿನ್ನ ಬೆರಳಿನದಾಗಿರಲಿಲ್ಲ," ಎಂದೆ. ಅಷ್ಟು ಹೇಳುವುದಕ್ಕೆ ಬಿ.ಎಸ್ಸಿ. ಪಾಸು ಮಾಡುವಷ್ಟೇ ಕಷ್ಟವಾಯಿತು.

"ಒಂದ್ ತಿಂಗ್ಳಿಂದ ಅನ್ಮಾನ ಇತ್ತು ಕಣ್ಲಾ. ಓದ್ದೋನು ನೀನು ಏಳ್ತಿದ್ದಲ್ಲ, ಅದ್ಕೇ ಸುಮ್ಕಿದ್ದೆ." ನೀರಿನ ಲೋಟ ಕೆಳಗಿಟ್ಟು ಅಂದಳು, "ಇಸ್ಕೂಲ್ನಾಗೂ ಅಂಗೇ. ಬೆಳಿಗ್ಗೆ ಲೆಕ್ಕ ಚೆಂದಾಗೇ ಮಾಡ್ತಿದ್ದೆ. ಮದ್ಯಾನಕ್ಕೆ ತೂಕಡ್ಸೋಳು. ಎಲ್ಡ್ ಮೈಲಿ ನೀರ್ ಒತ್ತು ಬಂದಿರ್ತಿದ್ನಲ್ಲ."

ಅಂದಿನಿಂದ ಕೊನೆಯ ಪಿರಿಯಡ್ಡಿನಲ್ಲಿ ಯಾವ ಮಗು ತಡವರಿಸಿದರೂ ನಾನು ಮೊದಲು ಕ್ಲಾಸಿನ ಕಿಟಕಿ ತೆಗೆಸುತ್ತೇನೆ. ಏನು ತಿಂದು ಬಂದೆ ಎಂದು ಕೇಳುತ್ತೇನೆ. ಪ್ರಶ್ನೆ ಆಮೇಲೆ.

ಸಂಜೆಯ ಬಸ್ಸಿಗೆ ಹೊರಟಾಗ ಅಕ್ಕ ಆ ಮಖಮಲ್ಲಿನ ಗವಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ನನಗೆ ಗಾಬರಿಯಾಯಿತು.

"ಇದೇನಕ್ಕಾ, ಗಿರಣಿಯ ಮೋಟಾರಿಗೆ ತೊಡಿಸ್ತೀಯಾ?"

"ನಿನ್ನಂಗೆ ಓದಿದ್ದೀನೇನ್ಲಾ ನಾನು? ಮಿಲ್ನಾಗೆ ಕೂರೋ ಸ್ಟೂಲು ಗಟ್ಟಿ. ಇಪ್ಪತ್ತು ವರ್ಷ ಆತು. ನಂಗೆ ಬೇಕು ಇದು."

ಈಗ ಮಲ್ಲಿಪಟ್ಟಣದ ಗಿರಣಿಗೆ ಹೋದರೆ ನೋಡಬಹುದು. ಮೋಟಾರು ಬರಿಮೈಯಲ್ಲಿ ಓಡುತ್ತಿರುತ್ತದೆ. ಅಕ್ಕ ಗಿಳಿಗಳ ಮೇಲೆ ಕೂತಿರುತ್ತಾಳೆ.