ಅಳಿಯಂದಿರು ಇಳಿಸಿದ ಕಾರು

ನಮ್ಮ ಮನೆಯ ಕಾರನ್ನು ದಿನಾ ಓಡಿಸುವವಳು ನಾನು. ದೆಹಲಿಯ ದ್ವಾರಕಾದ ಫ್ಲ್ಯಾಟಿನಿಂದ ಸಚಿವಾಲಯಕ್ಕೆ ಹೋಗುವುದು, ಬರುವುದು, ವಾರಕ್ಕೆ ಮೂರು ಸಂಜೆ ಅಪ್ಪನನ್ನು ಜನಕಪುರಿಯ ಫಿಸಿಯೋಥೆರಪಿಗೆ ಕರೆದೊಯ್ಯುವುದು, ಎಲ್ಲ ನನ್ನ ಪಾಲಿಗೆ. ನನ್ನ ಗಂಡ ಮೆಟ್ರೋದಲ್ಲಿ ಓಡಾಡುತ್ತಾರೆ. ದೆಹಲಿಯ ಟ್ರಾಫಿಕ್ಕಿನಲ್ಲಿ ಕಾರು ಓಡಿಸಿದರೆ ಅವರಿಗೆ ಬಿಪಿ ಏರುತ್ತದಂತೆ. ಆದರೆ ಕಾರಿನ ಶಾಸ್ತ್ರದಲ್ಲಿ ಪಂಡಿತರು ಮಾತ್ರ ಅವರೇ.

ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿಯಿದ್ದಾಗ ಮಾತ್ರ, ಕಾರು ಅವರ ಕೈಗೆ. ಗುರುಗ್ರಾಮದ ಆಚೆ ಒಂದು ಢಾಬಾದ ಮುಂದೆ ಅವರ ಗುಂಪು ಸೇರುತ್ತದೆ. ಎಲ್ಲರೂ ನಲವತ್ತು ದಾಟಿದವರು, ಎಲ್ಲರಿಗೂ ಹೊಟ್ಟೆ ಬಂದಿದೆ. ಪರಾಠ ತಿನ್ನುತ್ತಾ ಒಬ್ಬರ ಕಾರನ್ನು ಇನ್ನೊಬ್ಬರು ಸುತ್ತು ಹಾಕುತ್ತಾರೆ, ಬಗ್ಗುತ್ತಾರೆ, ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವಿನ ಸಂದಿಗೆ ಬೆರಳು ತೂರಿಸಿ ನೋಡುತ್ತಾರೆ. ಅಲ್ಲಿ ಎಷ್ಟು ಕಡಿಮೆ ಬೆರಳು ಹಿಡಿಯುತ್ತದೋ ಕಾರಿನ ಯಜಮಾನನಿಗೆ ಅಷ್ಟು ಹೆಚ್ಚು ಮರ್ಯಾದೆ. ನಮ್ಮ ಕಾರಿನ ಸಂದಿಯಲ್ಲಿ ಇಡೀ ಅಂಗೈ ಹಿಡಿಯುತ್ತಿತ್ತು. ಆ ಅಂಗೈ ಅಗಲದ ಖಾಲಿ ಜಾಗ ನನ್ನ ಗಂಡನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ನಾನು ಕಚೇರಿಯ ಕೆಲಸಕ್ಕೆಂದು ಲಖನೌಗೆ ಹೋಗಿ ಬರುವಷ್ಟರಲ್ಲಿ ಆ ಮುಳ್ಳನ್ನು ತೆಗೆಸಿಬಿಟ್ಟಿದ್ದರು. ಬಂದು ನೋಡಿದರೆ ಕಾರು ನೆಲಕ್ಕೆ ಹೊಟ್ಟೆ ಕೊಟ್ಟು ಕೂತಿದೆ.

"ಸ್ಪ್ರಿಂಗ್ ಕಟ್ ಮಾಡಿಸ್ದೆ. ಇನ್ನು ನೋಡು ಹ್ಯಾಂಡ್ಲಿಂಗು. ತಿರುವಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತೆ" ಎಂದರು.

ದ್ವಾರಕಾದಿಂದ ಸಚಿವಾಲಯದವರೆಗಿನ ನನ್ನ ದಾರಿಯಲ್ಲಿ ಇರುವುದು ತಿರುವಲ್ಲ, ಗುಂಡಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗಾಗಿತ್ತು. ಸ್ಪ್ರಿಂಗನ್ನು ಗಿಡ್ಡ ಮಾಡಿಸಿದವರು ಶಾಕ್‌ಅಬ್ಸಾರ್ಬರ್ ಹಳೆಯದನ್ನೇ ಬಿಟ್ಟಿದ್ದರು. ಅದು ಉದ್ದದ ಸ್ಪ್ರಿಂಗಿಗೆಂದು ಮಾಡಿದ್ದು. ಚಕ್ರ ಮೇಲೆ ಕೆಳಗೆ ಆಡಲು ಈಗ ಜಾಗವೇ ಇಲ್ಲ. ಸಣ್ಣ ಗುಂಡಿ ಬಂದರೂ ಒಳಗಿನ ರಬ್ಬರಿಗೆ ಹೋಗಿ ಧಡ್ ಎಂದು ಹೊಡೆಯುತ್ತದೆ, ಆ ಹೊಡೆತ ಸೀಟಿನಿಂದ ನೆತ್ತಿಗೆ ಏರುತ್ತದೆ. ತಿರುವಿನಲ್ಲಿ ಹಳಿಯ ಮಾತು ಹಾಗಿರಲಿ, ಬ್ರೇಕ್ ಹಾಕಿದರೆ ಮೂತಿ ಕುಕ್ಕುತ್ತದೆ. ನಾನು ಇದನ್ನೆಲ್ಲ ಹೇಳಿದರೆ, "ನೀನು ಓಡ್ಸೋ ರೀತಿ ಸರಿ ಇಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಾನಂತೆ.

ಅಪ್ಪನ ವಿಷಯ ಹೇಳಬೇಕು. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಹಾಸನದ ಕಡೆಯವರು. ಅಮ್ಮ ಹೋದಮೇಲೆ ನನ್ನ ಜೊತೆಗೇ ಇದ್ದಾರೆ. ಆ ವರ್ಷ ಅವರ ಬೆನ್ನುಮೂಳೆಗೆ ಆಪರೇಷನ್ ಆಗಿತ್ತು. ಎಡಗಾಲಿಗೆ ಬಲ ಬರಬೇಕಾದರೆ ವ್ಯಾಯಾಮ ತಪ್ಪಿಸಬಾರದು, ತಪ್ಪಿಸಿದರೆ ಕೋಲು ಹೋಗಿ ಗಾಲಿಕುರ್ಚಿ ಬರುತ್ತದೆ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಹಾಗಾಗಿ ಆ ಮೂರು ಸಂಜೆಗಳನ್ನು ನಾನು ಯಾವ ಜಂಟಿ ಕಾರ್ಯದರ್ಶಿ ಕರೆದರೂ ಬಿಟ್ಟುಕೊಡುತ್ತಿರಲಿಲ್ಲ.

ಇಳಿಸಿದ ಕಾರಿನಲ್ಲಿ ಅಪ್ಪ ಮೊದಲ ಸಲ ಕೂತದ್ದು ನೆನಪಿದೆ. ಸೀಟು ತಗ್ಗಿನಲ್ಲಿತ್ತು. ಕೋಲನ್ನು ನನಗೆ ಕೊಟ್ಟು, ಬಾಗಿಲು ಹಿಡಿದು, ಬಾವಿಗೆ ಇಳಿಯುವವರ ಹಾಗೆ ಇಳಿದರು. ನನ್ನ ಗಂಡ ಪಕ್ಕದಲ್ಲೇ ನಿಂತು, "ಹೇಗಿದೆ ಮಾವ?" ಎಂದು ಕೇಳಿದರು.

"ಚೆನ್ನಾಗಿದೆ, ಅಳಿಯಂದಿರೇ. ಗಟ್ಟಿಯಾಗಿ ಕೂತ ಹಾಗಿದೆ" ಎಂದರು ಅಪ್ಪ.

ನಮ್ಮ ಕಡೆ ಮಾವನಾದವನು ಅಳಿಯನ ಕೆಲಸಕ್ಕೆ ಹೆಸರಿಡುವುದಿಲ್ಲ. ಮಗಳನ್ನು ಕೊಟ್ಟ ಮನೆ, ಮೇಲಾಗಿ ಈಗ ತಾವೇ ಉಣ್ಣುತ್ತಿರುವ ಮನೆ. ಅನ್ನ ಸೀದಿದ್ದರೂ ಚೆನ್ನಾಗಿದೆ, ಅಳಿಯ ಸಾಲ ಮಾಡಿದರೂ ಚೆನ್ನಾಗಿದೆ. ಈ ಮಾತಿಗೆ ಅರ್ಥವಿಲ್ಲ ಎಂಬುದು ಕನ್ನಡ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ನನ್ನ ಗಂಡನಿಗೂ ಗೊತ್ತಿರಬೇಕಿತ್ತು. ಅವರು ಅದನ್ನು ತಜ್ಞರ ಅಭಿಪ್ರಾಯ ಎಂದು ತಿಳಿದು ಢಾಬಾದ ಗುಂಪಿಗೂ ತಲುಪಿಸಿದರು. ಮಿಲಿಟರಿಯವರೇ ಮೆಚ್ಚಿದ್ದಾರೆ ಎಂದರಂತೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಒಳಗೆ ಒಂದು ಹಂಪ್ ಇದೆ. ಇಲ್ಲಿಯ ಸಂಘದ ಪದಾಧಿಕಾರಿಗಳು ಬೇರೆ ಯಾವ ಕೆಲಸವನ್ನೂ ಪೂರ್ತಿ ಮಾಡಿದ್ದನ್ನು ನಾನು ಕಂಡಿಲ್ಲ, ಇದೊಂದನ್ನು ಮಾತ್ರ ಕಾಂಕ್ರೀಟ್ ಸುರಿದು, ಮಲಗಿದ ಎಮ್ಮೆಯ ಎತ್ತರಕ್ಕೆ ಮಾಡಿ ಮುಗಿಸಿದ್ದಾರೆ. ಮುಂದಿನ ಸೀಟಿನಲ್ಲಿ ಇಬ್ಬರು ಕೂತರೆ ಕಾರಿನ ಹೊಟ್ಟೆ ಅದಕ್ಕೆ ಉಜ್ಜುತ್ತಿತ್ತು. ನನ್ನ ಗಂಡ ಕಂಡುಹಿಡಿದ ಪರಿಹಾರ ಸುಲಭದ್ದು.

"ಮಾವ ಅಲ್ಲಿ ಒಂದು ನಿಮಿಷ ಇಳಿದು ಆ ಕಡೆ ಹತ್ತಿಕೊಳ್ಳಲಿ. ನಾಲ್ಕು ಹೆಜ್ಜೆ ತಾನೇ? ವ್ಯಾಯಾಮನೂ ಆಗುತ್ತೆ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಅದಕ್ಕೇನಂತೆ" ಎಂದುಬಿಟ್ಟರು. ಅಂದಿನಿಂದ ಹಂಪ್ ಹತ್ತಿರ ಬರುತ್ತಿದ್ದಂತೆ ಅವರ ಕೈ ಬಾಗಿಲಿಗೆ ಹೋಗುತ್ತಿತ್ತು. ಬೇಡ ಅಪ್ಪ, ಉಜ್ಜಿದರೆ ಉಜ್ಜಲಿ ಎಂದು ನಾನು ಹೇಳಿದರೂ ಕೇಳುತ್ತಿರಲಿಲ್ಲ. ಬೆನ್ನಿಗೆ ಆಪರೇಷನ್ ಆದವರಿಗೆ ನಡೆಯುವುದಲ್ಲ ಕಷ್ಟ, ತಗ್ಗಿನಿಂದ ಎದ್ದು ಮತ್ತೆ ತಗ್ಗಿಗೆ ಕೂರುವುದು. ಹಂಪ್ ದಾಟಿ ಅವರು ಮತ್ತೆ ಕೂರುವಾಗ ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. ಗೇಟಿನ ಕಾವಲುಗಾರ ಭಯ್ಯಾ ಒಂದು ದಿನ ನನ್ನ ಕಿಟಕಿಗೆ ಬಗ್ಗಿ, "ಮೇಡಂ ಜೀ, ಅಂಕಲ್ ಜೀ ಕೋ ಪೈದಲ್ ಕ್ಯೋಂ?" ಎಂದ, ಅವರನ್ನೇಕೆ ನಡೆಸುತ್ತೀರಿ ಎಂದು. ನಾನು ಗಾಜು ಏರಿಸಿ ಕಾರು ಮುಂದೆ ಬಿಟ್ಟೆ.

ಸ್ವಲ್ಪ ದಿನದಲ್ಲಿ ಅಪ್ಪ ವ್ಯಾಯಾಮ ತಪ್ಪಿಸತೊಡಗಿದರು. ಒಂದು ಸಲ ತಲೆನೋವು, ಒಂದು ಸಲ ಏಕಾದಶಿ. ನಮ್ಮಪ್ಪ ಜೀವಮಾನದಲ್ಲಿ ಏಕಾದಶಿ ಮಾಡಿದವರಲ್ಲ. ಎಡಗಾಲು ಎಳೆಯುವುದು ಹೆಚ್ಚಾಯಿತು. ನನಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಸಂಜೆ ಕಾರು ತೊಳೆಯಲು ಹೋಗಿದೆ, ಟ್ಯಾಕ್ಸಿ ಬರುತ್ತಿದೆ ಎಂದು ಸುಳ್ಳು ಹೇಳಿದೆ. ಐದು ನಿಮಿಷದಲ್ಲಿ ಪ್ಯಾಂಟು ಹಾಕಿ, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಲೆನೋವೂ ಇಲ್ಲ, ಏಕಾದಶಿಯೂ ಇಲ್ಲ.

"ಇನ್ನು ಮೇಲೆ ಟ್ಯಾಕ್ಸಿಯಲ್ಲೇ ಹೋಗೋಣ" ಎಂದೆ ದಾರಿಯಲ್ಲಿ.

"ಬ್ಯಾಡ ಕಣವ್ವ. ಮನೇಲಿ ಕಾರಿಟ್ಕೊಂಡು ಟ್ಯಾಕ್ಸಿ ಹತ್ತಿದ್ರೆ ಅಳಿಯಂದಿರು ಏನು ತಿಳ್ಕೊಳ್ತಾರೆ?"

ಅಂದರೆ ಕಾಲು ಹೋದರೂ ಸರಿ, ಅಳಿಯಂದಿರು ಏನೂ ತಿಳಿದುಕೊಳ್ಳಬಾರದು. ಗಡಿಯಲ್ಲಿ ಹಿಮದಲ್ಲಿ ನಿಂತು ಬಂದ ಮನುಷ್ಯ, ಢಾಬಾದ ಮುಂದೆ ಬೆರಳು ತೂರಿಸುವವನ ಮನಸ್ಸು ನೋಯಬಾರದೆಂದು ಬೆನ್ನು ಮುರಿದುಕೊಳ್ಳಲು ತಯಾರಾಗಿದ್ದರು. ಆ ಕ್ಷಣ ನನಗೆ ಗಂಡನ ಮೇಲೆ ಎಷ್ಟು ತಾತ್ಸಾರ ಬಂತೋ ಅಪ್ಪನ ಆ ಮರ್ಯಾದೆಯ ಮೇಲೂ ಅಷ್ಟೇ ಬಂತು.

ಕಾರನ್ನು ಸರಿ ಮಾಡಿಸುತ್ತೇನೆ ಎಂದೆ. "ಮಾಡ್ಸು. ಆದ್ರೆ ಅವರಿಗೆ ಗೊತ್ತಾಗೋ ಹಾಗೆ ಮಾಡ್ಬೇಡ" ಎಂದರು ಅಪ್ಪ.

ರಜೆ ಹಾಕಿ ಮಾಯಾಪುರಿಯ ಒಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ಕನೂ ಢಾಬಾದ ಗುಂಪಿನದೇ ಜಾತಿ. ಕಾರನ್ನು ನೋಡಿದವನೇ, ಇನ್ನೂ ಒಂದು ಬೆರಳು ಇಳಿಸೋಣವೇ ಮೇಡಂ ಎಂದ. ಕಂಪನಿಯ ಎತ್ತರದ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಒಳ್ಳೆಯ ಶಾಕ್‌ಅಬ್ಸಾರ್ಬರ್, ಸವೆದ ರಬ್ಬರ್ ಬುಷ್ಷುಗಳ ಬದಲಿಗೆ ಹೊಸವು, ಕೊನೆಗೆ ಚಕ್ರಗಳ ಅಲೈನ್‌ಮೆಂಟ್. ಇಷ್ಟನ್ನು ನಾನು ಹೇಳಿ ನಿಂತು ಮಾಡಿಸಿದೆ. ಮೂರು ರಾತ್ರಿ ಕೂತು ಇದನ್ನೆಲ್ಲ ಓದಿದ್ದೆ. ಕಡತ ಓದಿ ಹೊಟ್ಟೆ ಹೊರೆಯುವವಳಿಗೆ ಇದೇನು ಮಹಾ. ವಾಪಸು ಬರುವಾಗ ಧೌಲಾಕುವಾಂ ಕಡೆ ಬೇಕೆಂದೇ ಒಂದು ಸುತ್ತು ಹಾಕಿದೆ. ಕಾರು ಓಲಾಡಲಿಲ್ಲ, ಕುಕ್ಕಲಿಲ್ಲ, ಗುಂಡಿಯನ್ನು ನುಂಗಿಕೊಂಡು ತಿರುವಿನಲ್ಲಿ ನಾನು ಹೇಳಿದ ಕಡೆ ಹೋಯಿತು. ಕೆಲಸ ಸರಿಯಾಗಿ ಆದಾಗ ಬರುವ ಸುಖ ಅದು, ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಅಪ್ಪ ವ್ಯಾಯಾಮಕ್ಕೆ ಮತ್ತೆ ಬರತೊಡಗಿದರು. ನಾವಿಬ್ಬರೇ ಇರುವಾಗ ಹಂಪಿನಲ್ಲಿ ಇಳಿಯುತ್ತಿರಲಿಲ್ಲ.

ಅದರ ಮುಂದಿನ ಭಾನುವಾರ ಢಾಬಾದ ಗುಂಪು ಸೇರಲಿಲ್ಲ. ಮೂವರೂ ಚಾಣಕ್ಯಪುರಿಗೆ, ನಮ್ಮ ರಾಜ್ಯದ ಅತಿಥಿಗೃಹದ ಕಡೆ ದೋಸೆ ತಿನ್ನಲು ಹೋದೆವು. ಕಾರು ಎತ್ತರವಾದ ಮೇಲೆ ನನ್ನ ಗಂಡ ಅದನ್ನು ಓಡಿಸಿದ್ದು ಅದೇ ಮೊದಲು. ಅವರಿಗೆ ಗೊತ್ತಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಗೊತ್ತಾಗಲಿಲ್ಲ. ವಾಪಸು ಬರುವಾಗ ಫ್ಲೈಓವರ್‌ನ ತಿರುವಿನಲ್ಲಿ ವೇಗ ಹೆಚ್ಚಿಸಿ, "ನೋಡಿದ್ರಾ ಮಾವ, ಹಳಿ ಮೇಲೆ ಹೋದ ಹಾಗೆ. ಲೋ ಮಾಡ್ಸಿದ್ದಕ್ಕೆ ಇದು. ಸ್ಪ್ರಿಂಗು ಈಗ ಸೆಟ್ ಆಗಿದೆ" ಎಂದರು.

"ನಿಮ್ಮ ಕೈಗುಣ, ಅಳಿಯಂದಿರೇ" ಎಂದರು ಅಪ್ಪ.

ನಾನು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಸೊಸೈಟಿಯ ಹಂಪ್ ಬಂತು. ನನ್ನ ಗಂಡ ಕಾರು ನಿಲ್ಲಿಸಿ, "ಮಾವ, ಸ್ವಲ್ಪ" ಎಂದರು. ಕಾರು ತಾಗುವುದಿಲ್ಲ ಎಂದು ಅಪ್ಪನಿಗೆ ಗೊತ್ತು. ಆ ವಾರವೇ ಅದರ ಮೇಲೆ ಕೂತುಕೊಂಡೇ ಹಾದಿದ್ದರು. ಆದರೂ ಬೆಲ್ಟ್ ಬಿಚ್ಚಿದರು, ಕೋಲು ಊರಿದರು, ಇಳಿದರು. ಬಿಸಿಲಲ್ಲಿ ಎಡಗಾಲನ್ನು ಎಳೆದುಕೊಂಡು ಹಂಪಿನ ಮೇಲೆ ಹತ್ತಿ, ಆಚೆ ಇಳಿದು, ನಮ್ಮ ಕಡೆ ತಿರುಗಿ ನಿಂತರು. ಕಾವಲುಗಾರ ಮತ್ತೆ ನೋಡುತ್ತಿದ್ದ.

"ರೀ, ಇಳೀರಿ" ಎಂದೆ.

"ಯಾಕೆ?"

"ಚಕ್ರದ ಮೇಲೆ ಕೈ ಇಟ್ಟು ನೋಡಿ."

ಇಳಿದು ಬಗ್ಗಿದರು. ಮೊದಲು ಬೆರಳು ಇಟ್ಟರು, ಆಮೇಲೆ ಅಂಗೈ. ಇಡೀ ಅಂಗೈ ಒಳಗೆ ಹೋಯಿತು. ಎದ್ದು ಕೈ ಕೊಡವಿಕೊಂಡು, "ಅದಕ್ಕೇ ನನಗೆ ಅನ್ನಿಸ್ತು, ತಿರುವಲ್ಲಿ ಕಾರ್ನರಿಂಗ್ ಮೊದಲಿನಷ್ಟು ಇಲ್ಲ ಅಂತ" ಎಂದರು.

ನಾನು ಡ್ರೈವರ್ ಸೀಟಿಗೆ ಬಂದು, ಹಂಪ್ ದಾಟಿಸಿ, ಅಪ್ಪನ ಪಕ್ಕದಲ್ಲಿ ನಿಲ್ಲಿಸಿ ಬಾಗಿಲು ತೆರೆದೆ. ಅಪ್ಪ ಹತ್ತಿ ಕೂತರು. ಈಗ ಸೀಟು ಅವರ ಸೊಂಟಕ್ಕೆ ಸರಿಯಾಗಿತ್ತು, ಹಲ್ಲು ಕಚ್ಚಲಿಲ್ಲ. ನಾನು ಗೇರ್ ಹಾಕಿದೆ. ಕನ್ನಡಿಯಲ್ಲಿ ನನ್ನ ಗಂಡ ಹಂಪ್ ಹತ್ತಿ ನಡೆದುಬರುತ್ತಿದ್ದರು.

"ನಿಲ್ಸವ್ವ. ಅಳಿಯಂದಿರು ಬರಲಿ."

ನಿಲ್ಲಿಸಿದೆ. ಅಷ್ಟು ತಿಂಗಳಲ್ಲಿ ಅಪ್ಪ ಬಾಯಿಬಿಟ್ಟು ನನ್ನನ್ನು ಕೇಳಿದ್ದು ಎರಡೇ ಮಾತು, ಗೊತ್ತಾಗೋ ಹಾಗೆ ಮಾಡ್ಬೇಡ ಅಂತ ಒಂದು, ನಿಲ್ಸು ಅಂತ ಒಂದು. ಎರಡೂ ಅಳಿಯಂದಿರಿಗಾಗಿ, ತಮ್ಮ ಬೆನ್ನಿಗಾಗಿ ಒಂದೂ ಇಲ್ಲ.