ಚೀಟಿಯ ಕೊನೆಯ ಸಾಲು

"ನನ್ನ ಚೀಟಿಯಿಂದ ಇವತ್ತಿನವರೆಗೆ ಒಂದು ಸಾಸಿವೆ ಕಾಳೂ ತಪ್ಪಿಸಿಕೊಂಡಿಲ್ಲ ಕಣಯ್ಯಾ" ಎಂದು ಮೀಸೆ ತಿರುವುವ ನಮ್ಮ ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ದಿನಸಿ ತರಲು ಹೊರಟರೆ ದಂಡಯಾತ್ರೆಗೆ ಹೊರಟ ಹಾಗೆ. ಹಿಂದಿನ ದಿನವೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಚ್ಚಳ ತೆಗೆಸಿ, ಹಾಜರಿ ಕೂಗುತ್ತಾರೆ. ತಳ ಕಂಡ ಸಕ್ಕರೆ ಡಬ್ಬ ನಾಚಿ ಕೆಂಪಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಚೀಟಿಯಲ್ಲಿ ಸಾಮಾನುಗಳು ಅಂಗಡಿಯ ಕಪಾಟುಗಳ ಕ್ರಮದಲ್ಲೇ ಇರುತ್ತವೆ. ಒಂದು ಹೆಜ್ಜೆ ಹಿಂದಿಡುವುದೂ ಅವರಿಗೆ ಅವಮಾನ. ಅಕ್ಕಿ ಚೀಲದ ತಳಕ್ಕೆ, ಮೊಟ್ಟೆ ನೆತ್ತಿಗೆ. ಒಮ್ಮೆ ಅಂಗಡಿಯವನು ಸೋಪನ್ನು ಬೇರೆ ಕಪಾಟಿಗೆ ಸರಿಸಿದಾಗ, "ಮೊದಲೇ ತಿಳಿಸಬಾರದಿತ್ತಾ? ರೈಲು ಹಳಿ ತಪ್ಪೋದು ಹೀಗೇನೇ!" ಎಂದು ಗದರಿದ ರಭಸಕ್ಕೆ ತಕ್ಕಡಿ ಅರ್ಧ ಗಂಟೆ ತೂಗಾಡಿತು. ಇಷ್ಟಾದರೂ ಪ್ರತಿವಾರ ಏನೋ ಒಂದನ್ನು ಬಿಟ್ಟೇ ಬರುತ್ತಾರೆ. ಮಂಡಿ ಮುರಿದು ವರ್ಷದಿಂದ ಕುರ್ಚಿ ಬಿಡದ ಅವರ ಹೆಂಡತಿ ಚೀಲ ತಡಕಿ, "ಉಪ್ಪೆಲ್ಲಿ? ಅಯ್ಯೋ, ನಾನಿಲ್ಲದಿದ್ರೆ ನಿಮ್ಮ ಗತಿ ಏನ್ರೀ!" ಎಂದು ನಗುವುದು ಬೀದಿಗೇ ಕೇಳುತ್ತದೆ, ವಾರದಲ್ಲಿ ಆಕೆಯ ನಗು ಕೇಳುವುದು ಅದೊಂದೇ ಸಲ. ಮೊನ್ನೆ ಅಂಗಡಿಯಲ್ಲಿ ಅವರ ಜೇಬಿನಿಂದ ಚೀಟಿ ಜಾರಿ ಬಿತ್ತು. ಎತ್ತಿ ನೋಡಿದರೆ, ಕೊನೆಯ ಸಾಲಿನಲ್ಲಿ ಅವರದೇ ದುಂಡು ಅಕ್ಷರ: 'ಈ ವಾರ ಮರೆಯಬೇಕಾದದ್ದು ಚಹಾಪುಡಿ.' "ಏನ್ ಸಾರ್, ಮರೆಯೋದನ್ನೂ ಬರೆದಿಟ್ಕೋತೀರಾ?" ಎಂದೆ. ಚೀಟಿ ಕಿತ್ತುಕೊಂಡು ಗುಡುಗಿದರು: "ನನ್ನ ಜ್ಞಾಪಕಶಕ್ತಿ ನಿನಗೆ ಗೊತ್ತಲ್ಲ, ಬರೆದಿಡದೇ ಹೋದ್ರೆ ಅದನ್ನೂ ತಂದುಬಿಡ್ತೀನಿ ಕಣಯ್ಯಾ!"